ಹೂಬತ್ತಿ ಮಾರಬಾರದು ಎಂದ ವರ್ಷ

ನನ್ನ ತಮ್ಮ ಮೂವತ್ತು ದಾಟಿದ ಮೇಲೆ ಮೊದಲ ಸಲ ಕೆಲಸಕ್ಕೆ ಹೋದ. ತೊಂಬತ್ತರ ದಶಕದ ನಡುವಿನ ಮಾತು. ಅಮ್ಮ ತೀರಿಕೊಂಡು, ಅವನು ಜಯನಗರದ ಒಂಬತ್ತನೇ ಬ್ಲಾಕಿನ ನಮ್ಮ ಮನೆಗೆ ಬಂದು ವರ್ಷವಾಗಿತ್ತು. ಹುಟ್ಟುವಾಗ ಉಸಿರು ಕಟ್ಟಿದ್ದರಿಂದ ಅವನ ಬುದ್ಧಿ ಐದಾರು ವರ್ಷದ ಮಗುವಿನಷ್ಟಕ್ಕೆ ನಿಂತುಬಿಟ್ಟಿದೆ ಎಂದು ಡಾಕ್ಟರು ಹೇಳಿದ್ದರು. ನನಗೆ ಆ ಲೆಕ್ಕ ಯಾವತ್ತೂ ಪೂರ್ತಿ ಸರಿ ಅನ್ನಿಸಲಿಲ್ಲ. ನಾನು ಕುಕ್ಕರಿನ ಮುಚ್ಚಳ ತೆಗೆಯಲು ಹೋದರೆ ಅವನು ಓಡಿಬಂದು ಕೈಗೆ ಮಸಿಬಟ್ಟೆ ಕೊಡುತ್ತಿದ್ದ. ಐದು ವರ್ಷದ ಮಗುವಿಗೆ ಅದು ತೋಚುವುದಿಲ್ಲ. ಮಾತು ಮಾತ್ರ ಕಡಿಮೆ. ಹತ್ತಿಪ್ಪತ್ತು ಪದಗಳಲ್ಲಿ ಅವನ ದಿನವೆಲ್ಲ ನಡೆದುಹೋಗುತ್ತಿತ್ತು.

ಅವನಿಗೆ ಸಿಕ್ಕ ಕೆಲಸ ಹೂಬತ್ತಿ ಮಾಡುವುದು. ತಿಲಕ್ ನಗರದ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ, ಕೆಳಗೆ ಹಿಟ್ಟಿನ ಗಿರಣಿ ಇದ್ದ ಮನೆಯ ಮಹಡಿಯಲ್ಲಿ, ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಇಂಥ ದೊಡ್ಡ ಮಕ್ಕಳಿಗಾಗಿ ಹಗಲು ಕೇಂದ್ರ ನಡೆಸುತ್ತಿದ್ದರು. ನಾವೆಲ್ಲ ಅವರನ್ನು ಟೀಚರಮ್ಮ ಅನ್ನುತ್ತಿದ್ದೆವು. ನಾನು ವಾರದಲ್ಲಿ ಮೂರು ದಿನ ಅಲ್ಲಿ ಮಧ್ಯಾಹ್ನದ ಅಡುಗೆಗೆ ಹೋಗುತ್ತಿದ್ದೆ. ಅಡುಗೆ ಇಲ್ಲದ ದಿನವೂ ಅವನನ್ನು ಬಿಡಲು ಹೋಗುವವಳೇ, ತಮ್ಮನೂ ನಾನೂ ಬೆಳಿಗ್ಗೆ ಒಟ್ಟಿಗೆ ನಡೆದು ಹೋಗುವುದು. ಅವನ ಹೆಗಲಿಗೆ ಜೋಳಿಗೆ, ಅದರೊಳಗೆ ಒಂದು ಟವೆಲು, ನೀರಿನ ಬಾಟಲಿ. ಆಫೀಸಿಗೆ ಹೋಗುವವರ ಗತ್ತಿನಲ್ಲೇ ಹೆಜ್ಜೆ ಹಾಕುತ್ತಿದ್ದ. ದಾರಿಯಲ್ಲಿ ನಾನು ಯಾರನ್ನಾದರೂ ಮಾತನಾಡಿಸುತ್ತ ನಿಂತರೆ ಸೆರಗು ಹಿಡಿದು ಎಳೆಯುತ್ತಿದ್ದ.

ಕೇಂದ್ರದಲ್ಲಿ ಚಾಪೆಯ ಮೇಲೆ ಎಲ್ಲರೂ ಸಾಲಾಗಿ ಕೂತು ಬೀಜ ತೆಗೆದ ಹತ್ತಿಯನ್ನು ಮುಂದಿಟ್ಟುಕೊಳ್ಳುವರು. ಚಿಟಿಕೆಯಷ್ಟು ಹತ್ತಿಯನ್ನು ತೆಳ್ಳಗೆ ಹರಡಿ, ಒಳಗೊಂದು ಸಣ್ಣ ಉಂಡೆ ಇಟ್ಟು, ಅಂಚುಗಳನ್ನು ಮೇಲಕ್ಕೆ ಕೂಡಿಸಿ ತುದಿಯನ್ನು ಹೊಸೆಯಬೇಕು. ಬೆರಳು ಜಾರಬಾರದೆಂದು ಪಕ್ಕದಲ್ಲಿ ವಿಭೂತಿ ಬಟ್ಟಲು. ಉಳಿದವರು ಬೆರಳ ತುದಿಗೆ ಒಂದಿಷ್ಟು ಸೋಕಿಸಿಕೊಂಡರೆ ನನ್ನ ತಮ್ಮ ಐದೂ ಬೆರಳು ಅದ್ದುತ್ತಿದ್ದ. ಅವನ ಬತ್ತಿಗಳು ಬೂದುಬಣ್ಣದವು, ಸ್ವಲ್ಪ ದಪ್ಪ. "ಇವನ ಬತ್ತಿಗೆ ಎಣ್ಣೆ ಹಾಕಿ ಹಾಕಿ ಭಕ್ತರೆಲ್ಲ ದಿವಾಳಿ ಆಗ್ತಾರೆ ಕಣ್ರೀ" ಎಂದು ಟೀಚರಮ್ಮ ನಗುವರು. ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಬನಶಂಕರಿ ದೇವಸ್ಥಾನದ ಮುಂದೆ ಮಂಗಳವಾರ, ಶುಕ್ರವಾರ ರಾಹುಕಾಲಕ್ಕೆ ಹೆಂಗಸರು ನಿಂಬೆಹಣ್ಣಿನ ಹೋಳನ್ನು ಬಟ್ಟಲು ಮಾಡಿ ದೀಪ ಹಚ್ಚುತ್ತಾರಲ್ಲ, ಅಲ್ಲಿ ನಿಂಬೆಹಣ್ಣು, ಎಣ್ಣೆ, ಬತ್ತಿ ಮಾರುವ ಹೆಂಗಸೊಬ್ಬಳು ನಮ್ಮ ಕೇಂದ್ರದ ಬತ್ತಿಗಳನ್ನು ತೆಗೆದುಕೊಳ್ಳುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಚೀಲ ಹೊತ್ತುಕೊಂಡು ಟೀಚರಮ್ಮನ ಜೊತೆ ಆಟೋದಲ್ಲಿ ಹೋಗುವುದು ನನ್ನ ತಮ್ಮನ ಪಾಲಿನ ಕೆಲಸವಾಯಿತು. ಒಂದು ದಿನ ನಾನೂ ಹೋಗಿದ್ದೆ. ಅವನನ್ನು ಕಂಡ ಕೂಡಲೇ ಆ ಹೆಂಗಸು, "ಬಂದ್ರಾ ಸ್ವಾಮಿ? ಲೇಟ್ ಮಾಡಿದ್ರೆ ನನ್ನ ವ್ಯಾಪಾರ ಯಾರಪ್ಪ ನೋಡ್ಕೊಳೋದು?" ಎಂದು ಗದರಿಸಿದಳು. ಅವನು ತಪ್ಪು ಒಪ್ಪಿಕೊಂಡವನಂತೆ ತಲೆ ತಗ್ಗಿಸಿದ. ಆಮೇಲೆ ದೀಪಗಳ ಸಾಲಿನ ಹತ್ತಿರ ಹೋಗಿ ಬಗ್ಗಿ ನೋಡುತ್ತ ನಿಂತ. ನೂರಾರು ದೀಪಗಳ ನಡುವೆ ಒಂದನ್ನು ತೋರಿಸಿ "ನಂದು" ಅಂದ. ಬೂದುಬಣ್ಣದ ದಪ್ಪ ಬತ್ತಿ, ಉರಿಯೂ ಉಳಿದವಕ್ಕಿಂತ ಒಂದು ಸುತ್ತು ದೊಡ್ಡದು. ದೀಪ ಹಚ್ಚಿದ ಹೆಂಗಸು ಕಣ್ಣು ಮುಚ್ಚಿ ಏನೋ ಬೇಡಿಕೊಳ್ಳುತ್ತಿದ್ದಳು. ಅವನು ಆಕೆ ಕಣ್ಣು ತೆರೆಯುವ ತನಕ ಕಾದು, ಮತ್ತೆ "ನಂದು" ಅಂದ.

ಶನಿವಾರ ಎಲ್ಲರ ಕೈಗೂ ಒಂದೊಂದು ಕವರು. ಅವನು ಅದರಲ್ಲಿ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತು ಕೊಂಡು, ಮನೆಗೆ ಬಂದು, ಮೊದಲು ನಮ್ಮ ಮನೆಯವರಿಗೆ, ಆಮೇಲೆ ನನಗೆ, ಕೊನೆಗೆ ತಾನು. ಹೀಗೆ ಏಳೆಂಟು ವರ್ಷ ನಡೆಯಿತು. ಸುಖವಾಗಿದ್ದ ಕಾಲ ಎಂದು ಆಗ ನಾನು ಅದಕ್ಕೆ ಹೆಸರಿಟ್ಟಿರಲಿಲ್ಲ.

ಕೇಂದ್ರಕ್ಕೆ ಒಂದು ಟ್ರಸ್ಟ್ ಇತ್ತು. ಟೀಚರಮ್ಮನ ಅಣ್ಣ ಆಡಿಟರು, ಅವರು ಬದುಕಿದ್ದಾಗ ಎಲ್ಲವನ್ನೂ ಕ್ರಮವಾಗಿ ಮಾಡಿಸಿಟ್ಟಿದ್ದರು. ಟ್ರಸ್ಟಿನ ಆದಾಯಕ್ಕೆ ತೆರಿಗೆ ಇಲ್ಲ, ದಾನ ಕೊಟ್ಟವರಿಗೂ ಅರ್ಧದಷ್ಟು ಮೊತ್ತಕ್ಕೆ ತೆರಿಗೆ ವಿನಾಯಿತಿ, ಎಯ್ಟಿ ಜಿ ಅನ್ನುತ್ತಾರಲ್ಲ, ಅದು. ಟ್ರಸ್ಟಿನ ಪತ್ರ ಬರೆದ ವಕೀಲರು ಬೇರೆ ಯಾವುದೋ ಟ್ರಸ್ಟಿನದನ್ನು ನೋಡಿಕೊಂಡು, ಉದ್ದೇಶಗಳ ಜಾಗದಲ್ಲಿ ಶಿಕ್ಷಣ, ವೈದ್ಯಕೀಯ ನೆರವು, ತರಬೇತಿ, ಬಡವರ ಏಳಿಗೆ ಎಂದು ಬರೆದಿದ್ದರಂತೆ. ನಮ್ಮ ಮಕ್ಕಳ ಮಾತು ಅದರಲ್ಲಿ ಪ್ರತ್ಯೇಕವಾಗಿ ಇರಲೇ ಇಲ್ಲ. ಅದು ಯಾರಿಗೂ ಕೊರತೆಯಾಗಿ ಕಂಡಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿರಬೇಕು. ಬಿಟಿಎಂ ಲೇಔಟಿನಲ್ಲಿ ಆಫೀಸು ಮಾಡಿಕೊಂಡಿದ್ದ ಒಂದು ಕಂಪನಿಯ ಯಜಮಾನರು ಕೇಂದ್ರ ನೋಡಲು ಬಂದರು. ಒಳ್ಳೆಯ ಮನುಷ್ಯರೇ. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಮಕ್ಕಳ ಜೊತೆ ಕೂತು, ಒಂದು ಬತ್ತಿ ಹೊಸೆಯಲು ನೋಡಿ ಸೋತರು.

"ನಾವೂ ಒಂದು ಟ್ರಸ್ಟ್ ಮಾಡ್ಬೇಕು ಅಂತಿದೀವಿ ಮೇಡಂ. ಹೊಸದು ಅಂದ್ರೆ ರಿಜಿಸ್ಟ್ರೇಷನ್ ಆಗ್ಬೇಕು, ಎಯ್ಟಿ ಜಿ ಆಗ್ಬೇಕು, ಏನು ಕೆಲಸ ಮಾಡಿದೀರಿ ತೋರ್ಸಿ ಅಂತಾರೆ. ವರ್ಷಗಟ್ಟಲೆ ಓಡಾಟ. ನಿಮ್ದು ಹಳೇದು, ಎಲ್ಲಾ ರೆಡಿ ಇದೆ" ಎಂದರು.

"ನಮ್ಮಲ್ಲಿ ರೆಡಿ ಇರೋದು ಅನ್ನ, ಹುಳಿ. ಊಟ ಮಾಡ್ಕೊಂಡು ಹೋಗಿ" ಎಂದರು ಟೀಚರಮ್ಮ.

ಅವರು ಊಟ ಮಾಡಿದರು. ಮಾಡುತ್ತ, ತಮ್ಮ ಕಂಪನಿ ಈ ಟ್ರಸ್ಟಿಗೇ ದಾನ ಕೊಡುವುದೆಂದೂ, ಅದಕ್ಕಾಗಿ ತಮ್ಮ ಕಡೆಯ ನಾಲ್ವರು ಟ್ರಸ್ಟಿಗಳಾಗಬೇಕೆಂದೂ ಹೇಳಿದರು. ಟ್ರಸ್ಟಿನಲ್ಲಿದ್ದದ್ದು ಏಳು ಸ್ಥಾನ. ಇಬ್ಬರು ತೀರಿಕೊಂಡಿದ್ದರು, ಇನ್ನಿಬ್ಬರಿಗೆ ಮಂಡಿ ನೋವು, ಮಹಡಿ ಹತ್ತುವುದೇ ಕಷ್ಟ. ಹಾಗಾಗಿ ನಾಲ್ಕು ಕುರ್ಚಿ ಬಿಟ್ಟುಕೊಡುವುದು ಯಾರಿಗೂ ದೊಡ್ಡ ಮಾತೆನಿಸಲಿಲ್ಲ.

ಇದನ್ನು ನಮ್ಮ ಕಡೆಯವರು ಹೇಗೆ ತಿಳಿದರು ಎಂಬುದನ್ನು ಹೇಳಬೇಕು. ಟೀಚರಮ್ಮನೂ ಅವರ ಜೊತೆಗಾರರೂ ಮಹಿಳಾ ಸಮಾಜದಲ್ಲಿ ಪಳಗಿದವರು. ಯಾವ ಸಮಾರಂಭವಿರಲಿ, ಹೊರಗಿನ ಗಣ್ಯರೊಬ್ಬರನ್ನು ಕರೆದು ಅಧ್ಯಕ್ಷತೆ ಕೊಡುವುದು ನಮ್ಮಲ್ಲಿ ಪದ್ಧತಿ. ಕೆಲಸವೆಲ್ಲ ಒಳಗಿನವರದು, ಅಧ್ಯಕ್ಷರು ನಡುವಿನ ಕುರ್ಚಿಯಲ್ಲಿ ಕೂತು, ಕೊನೆಯಲ್ಲಿ ನಾಲ್ಕು ಮಾತಾಡಿ, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ತೆಗೆದುಕೊಂಡು ಹೋಗುತ್ತಾರೆ. ಟ್ರಸ್ಟಿ ಸ್ಥಾನವನ್ನೂ ಇವರು ಹಾಗೆಯೇ ಕೊಟ್ಟರು. ಆ ದಿನ ನಾನು ಕೇಸರಿಬಾತ್ ಮಾಡಿದ್ದೆ. ನಾಲ್ವರಿಗೂ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಸಹಿ ಹಾಕಿಸಿಕೊಳ್ಳಲಾಯಿತು. ನನ್ನ ತಮ್ಮ ತಟ್ಟೆಯಲ್ಲಿ ಪನ್ನೀರುದಾನಿ ಹಿಡಿದು ಎಲ್ಲರಿಗೂ ಚಿಮುಕಿಸಿದ. ಯಜಮಾನರ ಕನ್ನಡಕಕ್ಕೆ ಹೆಚ್ಚಾಗಿ ಬಿತ್ತು. ಅವರು ನಕ್ಕು ಒರೆಸಿಕೊಂಡರು.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಫ್ಯಾನುಗಳು ಬಂದವು, ಮಕ್ಕಳನ್ನು ಕರೆತರಲು ವ್ಯಾನು ಬಂತು. ತಮ್ಮ ಮಾತ್ರ ವ್ಯಾನು ಹತ್ತಲಿಲ್ಲ, ನನ್ನ ಜೊತೆ ನಡೆದೇ ಬರುವನು. ಮಾರ್ಚ್ ತಿಂಗಳು ಬಂದಾಗ ಮನೆಯಲ್ಲಿ ಮದುವೆ ಇಟ್ಟುಕೊಂಡ ಹಾಗಾಯಿತು. ಬೀರು, ಕಂಪ್ಯೂಟರು, ಸ್ಟೀಲ್ ತಟ್ಟೆ, ಕಂಬಳಿ, ದಿನಕ್ಕೊಂದು ಟೆಂಪೋ. ಹದಿನಾಲ್ಕು ಜನರ ಕೇಂದ್ರಕ್ಕೆ ಕಂಬಳಿ ಬಂದದ್ದು ಮಹಡಿಯ ಮೆಟ್ಟಿಲೆಲ್ಲ ತುಂಬುವಷ್ಟು.

ಕಂಪನಿಯ ಲೆಕ್ಕ ನೋಡಿಕೊಳ್ಳಲು ಒಬ್ಬ ಹುಡುಗಿ ಬರುತ್ತಿದ್ದಳು. ಹುಬ್ಬಳ್ಳಿ ಕಡೆಯವಳು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದಳು. ನನ್ನ ಸಾರು ಸಿಹಿ ಎಂದು ಗೊಣಗುತ್ತ, ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಹಾಕಿಕೊಂಡು ಉಣ್ಣುವಳು. ಅವಳನ್ನೇ ಕೇಳಿದೆ.

"ಇಷ್ಟೊಂದು ಸಾಮಾನು ಯಾಕಮ್ಮ ತರ್ತಾ ಇದೀರಾ?"

"ಮಾರ್ಚ್ ಮುಗಿಯೂದ್ರೊಳಗ ಖರ್ಚ್ ಆಗ್ಬೇಕ್ರಿ ಅಕ್ಕಾರ. ಟ್ರಸ್ಟಿಗೆ ಬಂದ ರೊಕ್ಕದಾಗ ನೂರಕ್ಕ ಎಂಬತ್ತೈದು ಆ ವರ್ಷದಾಗ ಹೋಗ್ಬೇಕು. ಇಲ್ಲಂದ್ರ ಟ್ಯಾಕ್ಸ್ ಬೀಳ್ತದ."

"ಹಾಗಾದ್ರೆ ಕಡಿಮೆ ಕೊಡಲಿ."

ಅವಳು ನಕ್ಕಳು. "ಕಡಿಮಿ ಕೊಟ್ರ ಅವರಿಗೇನ್ ಉಳಿತದ್ರಿ? ಕಂಪನಿ ಟ್ರಸ್ಟಿಗೆ ಕೊಡ್ತದ, ಅದರಾಗ ಅರ್ಧಕ್ಕ ಅವರಿಗೆ ಟ್ಯಾಕ್ಸ್ ಇಲ್ಲ. ಟ್ರಸ್ಟ್ ಏನ್ ಮಾಡ್ತದ? ತರಬೇತಿ ಅಂತ ಹೇಳಿ ಕಂಪನಿ ಬಿಲ್ಡಿಂಗನ್ನ ಬಾಡಿಗಿಗೆ ತಗೋತದ, ಅದರ ಹಳೇ ಕಂಪ್ಯೂಟರ್ ತಗೋತದ. ಒಂದ್ ರೌಂಡ್ ಹೊಡದು ರೊಕ್ಕ ಮನೀಗೆ ಬಂತು."

"ಇದು ಮೋಸ ಅಲ್ವಾ?"

"ಅಲ್ರಿ. ಬಾಡಿಗಿ ಮಾರ್ಕೆಟ್ ರೇಟ್ ಐತಿ, ಎಲ್ಲಾದಕ್ಕೂ ಬಿಲ್ ಐತಿ. ಯಾರ್ ಬಂದು ನೋಡಿದ್ರೂ ತಪ್ಪ್ ಸಿಗಂಗಿಲ್ಲ." ಸ್ವಲ್ಪ ಹೊತ್ತು ಅನ್ನ ಕಲಸಿ, "ಅದಕ್ಕ ನಂಗೂ ರಾತ್ರಿ ನಿದ್ದಿ ಬರ್ತದ. ಆದ್ರ ಇಲ್ಲಿ ಬಂದಾಗ ಒಂದೀಟ್ ಹೆಂಗೋ ಆಗ್ತದ್ರಿ" ಎಂದಳು.

ಎರಡನೆಯ ವರ್ಷ ಯಜಮಾನರು ತಮ್ಮ ಕಂಪನಿಯ ಆಡಿಟರನ್ನು ಕರೆದುಕೊಂಡು ಬಂದರು. ಬತ್ತಿಯ ಚೀಲಗಳನ್ನು ನೋಡಿ ಆಡಿಟರು ಹುಬ್ಬೇರಿಸಿದರು. ಯಜಮಾನರು ಟೀಚರಮ್ಮನನ್ನು ಪಕ್ಕಕ್ಕೆ ಕರೆದರು. ನಾನು ಒಲೆಯ ಮುಂದಿದ್ದೆ, ಎಲ್ಲ ಕೇಳುತ್ತಿತ್ತು.

"ಈ ಮಾರಾಟ ಬೇಡ ಮೇಡಂ. ಮಾರಿದ್ರೆ ಬಿಸಿನೆಸ್ ಅಂತಾರೆ. ಅದಕ್ಕೆ ಬೇರೆ ಬುಕ್ಸ್ ಇಡ್ಬೇಕು, ನೂರೆಂಟು ಪ್ರಶ್ನೆ ಬರುತ್ತೆ. ಈಗ ಟ್ರಸ್ಟಲ್ಲಿ ದೊಡ್ಡ ಅಮೌಂಟ್ ಓಡಾಡ್ತಿದೆ. ಬತ್ತಿಗೋಸ್ಕರ ರಿಜಿಸ್ಟ್ರೇಷನ್ನಿಗೆ ತೊಂದ್ರೆ ತಂದ್ಕೊಳೋದು ಯಾಕೆ?"

"ಬೇರೆ ಪುಸ್ತಕ ನಾನೇ ಬರೀತೀನಿ ಸಾರ್. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದಿದೀನಿ."

"ಈ ವಯಸ್ಸಲ್ಲಿ ನಿಮಗ್ಯಾಕೆ ಆ ತಲೆನೋವು? ಅವರ ಕೈಗೆ ಕೊಡೋದನ್ನ ನಾವು ಡಬಲ್ ಮಾಡ್ತೀವಿ. ಸ್ಟೈಪೆಂಡ್ ಅಂತ ಹಾಕೋಣ. ಅವರಿಗೇನು ವ್ಯತ್ಯಾಸ ಗೊತ್ತಾಗುತ್ತೆ ಮೇಡಂ?"

ಟೀಚರಮ್ಮ ಹತ್ತಿಯ ಡಬ್ಬಿಗೆ ಮುಚ್ಚಳ ಹಾಕಿದರು. ನಾಲ್ವರು ಒಂದು ಕಡೆ, ಮೂವರು ಒಂದು ಕಡೆ ಎಂಬುದು ಅವರಿಗೆ ಅಷ್ಟರಲ್ಲಿ ಅರ್ಥವಾಗಿತ್ತು.

ಮಾರಾಟ ನಿಂತಿತು. ಆ ಶುಕ್ರವಾರ ತಮ್ಮ ಎಂದಿನಂತೆ ಚೀಲ ಹೊತ್ತು ಬಾಗಿಲಲ್ಲಿ ನಿಂತ. "ಇವತ್ತು ಬೇಡಪ್ಪ" ಎಂದರು ಟೀಚರಮ್ಮ. ಮುಂದಿನ ಶುಕ್ರವಾರವೂ ನಿಂತ. ಊಟದ ಹೊತ್ತಿನವರೆಗೆ ನಿಂತೇ ಇದ್ದ. ಸುಮ್ಮನೆ ಹಂಚಿಬಿಡೋಣ ಎಂದು ಕೆಲವು ಚೀಲಗಳನ್ನು ದೇವಸ್ಥಾನದ ಹೆಂಗಸಿಗೆ ಪುಕ್ಕಟೆ ಕೊಟ್ಟರೆ, ಅವಳು ಮಾರುತ್ತಾಳಲ್ಲ, ಅದೂ ನಮ್ಮ ಲೆಕ್ಕಕ್ಕೇ ಬರುತ್ತದೆ ಎಂದು ಆಡಿಟರು ಅದಕ್ಕೂ ತಡೆ ಹಾಕಿದರು. ಹೊಸ ಬೀರುವಿನ ತುಂಬ ಬತ್ತಿ ಸೇರಿತು. ಮಾರ್ಚ್ ಬಂದಾಗ, ತಯಾರಾದ ಮಾಲು ಉಳಿದಿದ್ದರೆ ಅದನ್ನು ದಾಸ್ತಾನು ಎಂದು ತೋರಿಸಬೇಕಾಗುತ್ತದೆ, ಅದೂ ಬೇಡ ಎಂದರು. ಮಾರದ ಮೇಲೆ ಹೊಸ ಹತ್ತಿ ಯಾಕೆ ಎಂದೂ ಕೇಳಿದರು.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ, ಪಾತ್ರೆ ಜೋಡಿಸಿಟ್ಟು, ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದ ತಮ್ಮನನ್ನು ಕರೆದುಕೊಂಡು ಹೊರಡೋಣವೆಂದು ಹಾಲಿಗೆ ಬಂದೆ. ಟೀಚರಮ್ಮ ಚಾಪೆಯ ಮೇಲೆ ಕೂತು, ಒಂದೊಂದೇ ಬತ್ತಿಯನ್ನು ತೆಗೆದುಕೊಂಡು ಹೊಸೆದ ತುದಿಯನ್ನು ಬಿಚ್ಚಿ, ಹತ್ತಿಯನ್ನು ಬಿಡಿಸಿ ಡಬ್ಬಿಗೆ ಹಾಕುತ್ತಿದ್ದರು.

"ಏನು ಮಾಡ್ತಿದೀರಾ ಟೀಚರಮ್ಮ?"

"ಬಿಚ್ಚಿದ್ರೆ ಬರೀ ಹತ್ತಿ. ಹತ್ತಿ ದಾಸ್ತಾನಲ್ಲ" ಎಂದರು. ಆಮೇಲೆ, ತಲೆ ಎತ್ತದೆ, "ನಾಳೆ ಅವುಗಳ ಕೈಗೆ ಏನಾದ್ರೂ ಕೊಡ್ಬೇಕಲ್ಲ. ಸುಮ್ನೆ ಗೋಡೆ ನೋಡ್ಕೊಂಡು ಕೂತಿರೋದನ್ನ ನನ್ನ ಕೈಲಿ ನೋಡೋಕಾಗಲ್ಲ" ಎಂದರು.

ಹೀಗೆ ಹಗಲು ಮಕ್ಕಳು ಹೊಸೆಯುವುದು, ಸಂಜೆ ಅವರು ಬಿಚ್ಚುವುದು ನಡೆಯಿತು. ಅವರಿಗೆ ಬೆರಳ ಸಂದಿಯಲ್ಲಿ ನೋವು ಶುರುವಾಗಿತ್ತು. ಹೀಗೆ ಮಾಡುವುದು ಸರಿಯೋ ಅಲ್ಲವೋ ಎಂದು ನಾವು ಚರ್ಚೆ ಮಾಡಲಿಲ್ಲ. ಮಕ್ಕಳು ಹಾಡಿಕೊಂಡು ಹೊಸೆಯುತ್ತಿದ್ದರು, ಶನಿವಾರ ಕವರು ಬರುತ್ತಿತ್ತು, ಅದೂ ಮೊದಲಿಗಿಂತ ದಪ್ಪ.

ಒಂದು ಬೆಳಿಗ್ಗೆ ತಮ್ಮನ ಮುಂದೆ ಹತ್ತಿ ಇಟ್ಟರು. ಅವನು ಒಂದು ಚಿಟಿಕೆ ತೆಗೆದುಕೊಂಡು ಬೆರಳಲ್ಲಿ ಒತ್ತಿದ. ಮೂಗಿನ ಹತ್ತಿರ ತಂದ. ಹತ್ತಿ ಬೂದುಬಣ್ಣಕ್ಕಿತ್ತು, ವಿಭೂತಿಯ ವಾಸನೆ. ತಿರುಚಿ ಬಿಚ್ಚಿದ ಗುರುತು ಎಳೆಗಳಲ್ಲಿ ಹಾಗೇ ಇತ್ತು.

"ನಂದು" ಅಂದ.

"ಹೂನಪ್ಪ, ನಿಂದೇ. ಮಾಡು" ಎಂದರು ಟೀಚರಮ್ಮ, ಉಳಿದವರಿಗೆ ಹತ್ತಿ ಹಂಚುತ್ತ.

ಅವನು ತಲೆ ಅಲ್ಲಾಡಿಸಿದ. "ನಂದು. ಮಾಡಾಯ್ತು" ಅಂದ.

ಟೀಚರಮ್ಮನ ಕೈ ಅಲ್ಲೇ ನಿಂತಿತು. ಅವನು ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ಆ ಚಿಟಿಕೆ ಹತ್ತಿಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಊಟದ ತನಕ ಹಾಗೇ ಕೂತಿದ್ದ. ಮಧ್ಯಾಹ್ನ ನಾನು ತುತ್ತು ಮಾಡಿ ಬಾಯಿಗಿಡಬೇಕಾಯಿತು. ಆ ಶನಿವಾರ ಕವರು ಕೊಟ್ಟರೆ ಮುಟ್ಟಲಿಲ್ಲ. ಬೇಕರಿಯ ಮುಂದೆ ಬಂದಾಗ ರಸ್ತೆಯ ಆ ಬದಿಗೆ ದಾಟಿಬಿಟ್ಟ.

ಆಮೇಲಿನದು ಬೇಗ ಮುಗಿಯಿತು. ಕೇಂದ್ರದ ಮಹಡಿಯ ಬಾಡಿಗೆ ಕರಾರು ಮುಗಿದಾಗ ಸಭೆ ಕರೆದರು. ಹದಿನಾಲ್ಕು ಜನರಿಗೆ ಒಂದು ಇಡೀ ಮಹಡಿ, ವ್ಯಾನು, ಅಡುಗೆ ಎಂದರೆ ಟ್ರಸ್ಟಿನ ಶಕ್ತಿ ಹರಿದು ಹಂಚಿಹೋಗುತ್ತದೆ, ಗೊಟ್ಟಿಗೆರೆ ಕಡೆ ಕಂಪನಿಯ ಜಾಗದಲ್ಲಿ ನೂರಾರು ಹುಡುಗರಿಗೆ ಕಂಪ್ಯೂಟರ್ ತರಬೇತಿ ಕೊಡಬಹುದು, ಅದೂ ಪತ್ರದಲ್ಲಿರುವ ಉದ್ದೇಶವೇ ಎಂದು ಯಜಮಾನರು ವಿವರಿಸಿದರು. ನಾಲ್ಕು ಕೈ ಮೇಲೆದ್ದವು. ಮಕ್ಕಳನ್ನು ಬೇರೆ ಕಡೆ ಸೇರಿಸಲು ಸಹಾಯ ಮಾಡುತ್ತೇವೆ ಎಂದರು, ಒಂದಿಬ್ಬರಿಗೆ ಮಾಡಿದರು ಕೂಡ. ಟ್ರಸ್ಟ್ ಮುಚ್ಚಲಿಲ್ಲ. ಅದೇ ಹೆಸರು, ಅದೇ ನಂಬರು, ಅದೇ ವಿನಾಯಿತಿ, ಗೊಟ್ಟಿಗೆರೆಯ ಬೋರ್ಡಿನ ಮೇಲೆ ಹೊಸ ಬಣ್ಣದಲ್ಲಿ. ನಾವು ಮಾತ್ರ ಅದರಲ್ಲಿರಲಿಲ್ಲ.

ಮೆಟ್ಟಿಲು ಇಳಿಯುವಾಗ ಟೀಚರಮ್ಮ ನನ್ನ ಭುಜ ಹಿಡಿದುಕೊಂಡು ಹೇಳಿದರು: "ಸಭೆ ಮುಗಿದ ಮೇಲೆ ಅಧ್ಯಕ್ಷರನ್ನ ಕಾರಿನ ತನಕ ಬಿಟ್ಟು ಬರೋದು ಗೊತ್ತಿತ್ತು ಕಣಮ್ಮ ನನಗೆ. ಕುರ್ಚಿ ಬಿಟ್ಟು ಏಳದೇ ಇರೋ ಅಧ್ಯಕ್ಷರು ಇರ್ತಾರೆ ಅಂತ ಗೊತ್ತಿರ್ಲಿಲ್ಲ."

ಅವರು ಜೆ.ಪಿ. ನಗರದ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಮತ್ತೆ ಶುರುಮಾಡಲು ಹೊರಟರು. ಹೊಸ ಟ್ರಸ್ಟ್ ಬರೆಸಿದರು. ಹಿಂದೆ ಕೊಡುತ್ತಿದ್ದವರ ಮನೆಗಳಿಗೆ ನಾವಿಬ್ಬರೂ ನಡೆದೆವು. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು. "ಎಯ್ಟಿ ಜಿ ರಸೀದಿ ಕೊಡ್ತೀರಾ ತಾನೇ?" ಎಂದು ಕೇಳಿದರು. ಇನ್ನೂ ಆಗಿಲ್ಲ, ಅರ್ಜಿ ಹಾಕಿದ್ದೇವೆ ಎಂದರೆ, "ಆದ ಮೇಲೆ ಹೇಳಿ, ಖಂಡಿತ ಕೊಡೋಣ" ಎಂದರು. ಯಜಮಾನರು ಬೇಡವೆಂದು ತಪ್ಪಿಸಿಕೊಂಡ ಓಡಾಟ ಈಗ ಎಪ್ಪತ್ತು ದಾಟಿದ ಆಕೆಯ ಕಾಲಿಗೆ ಬಂದಿತ್ತು. ಏನು ಕೆಲಸ ಮಾಡಿದ್ದೀರಿ, ದಾಖಲೆ ತೋರಿಸಿ ಎಂದು ಆಫೀಸಿನವರು ಕೇಳಿದರಂತೆ. ಹದಿನೈದು ವರ್ಷದ ದಾಖಲೆ ಬೇರೆಯವರ ಬೀರುವಿನಲ್ಲಿತ್ತು. ಮಾರನೆಯ ಮಳೆಗಾಲದಲ್ಲಿ ಟೀಚರಮ್ಮ ಆಸ್ಪತ್ರೆ ಸೇರಿದರು, ಮನೆಗೆ ಬರಲಿಲ್ಲ. ಲೆಕ್ಕದ ಹುಡುಗಿ ಕೆಲಸ ಬಿಟ್ಟು ಊರಿಗೆ ಹೊರಟಿದ್ದಳು, ಆದರೂ ಅವರು ತೀರಿಕೊಂಡ ದಿನ ಬಂದು ನನ್ನ ಪಕ್ಕ ಕೂತಳು. "ಎಲ್ಲಾ ರೂಲ್ ಪ್ರಕಾರನ ಆಗೇದ್ರಿ ಅಕ್ಕಾರ. ಅದಕ್ಕ ಯಾರ ಮ್ಯಾಲೂ ಸಿಟ್ಟ್ ಮಾಡಾಕ ಬರಂಗಿಲ್ಲ" ಎಂದು ಹೇಳಿ, ತಾನೇ ಜೋರಾಗಿ ಅತ್ತಳು.

ತಮ್ಮನಿಗೆ ಆಮೇಲೆ ಕೆಲಸ ಸಿಗಲಿಲ್ಲ. ಕೋಣನಕುಂಟೆಯ ಕಡೆ ಒಂದು ಕೇಂದ್ರವಿದೆ ಎಂದು ಕರೆದುಕೊಂಡು ಹೋದೆ. ಅಲ್ಲಿ ಪೇಪರ್ ಕವರು ಮಾಡಿಸುತ್ತಿದ್ದರು. ಕಿಟಕಿಯಿಂದ ನೋಡಿದ, ಆಟೋದಿಂದ ಇಳಿಯಲಿಲ್ಲ. ಮನೆಯಲ್ಲೇ ಮಾಡಲಿ ಎಂದು ಹೊಸ ಹತ್ತಿ, ಬಿಳೀ ಬಿಳೀ ಇದ್ದದ್ದು, ತಂದು ಮುಂದಿಟ್ಟೆ. ಮುಟ್ಟಲಿಲ್ಲ. ಬನಶಂಕರಿಗೆ ಕರೆದೊಯ್ದೆ. ಆ ಹೆಂಗಸು "ಏನ್ ಸ್ವಾಮಿ, ನಮ್ಮನ್ನ ಮರ್ತೇಬಿಟ್ರಾ? ಮಷೀನ್ ಬತ್ತಿ ತಂದು ಮಾರ್ತಿದೀನಿ, ಜನ ಬೈತಾರೆ" ಎಂದಳು. ನಾನು ಆಸೆಯಿಂದ ಅವನ ಮುಖ ನೋಡಿದೆ. ಅವನು ದೀಪಗಳ ಸಾಲಿನ ಕಡೆ ತಿರುಗಿಯೂ ನೋಡದೆ, ನನ್ನ ಸೆರಗು ಹಿಡಿದು "ಸಾಕು" ಅಂದ.

ಒಂದು ಸಂಜೆ ದೇವರ ಮುಂದೆ ದೀಪಕ್ಕೆ ಬತ್ತಿ ಹೊಸೆದು ತಟ್ಟೆಯಲ್ಲಿಟ್ಟು, ಎಣ್ಣೆ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವನು ಅಲ್ಲಿ ಕೂತು ಬತ್ತಿಗಳ ತುದಿ ಬಿಚ್ಚುತ್ತಿದ್ದ. ತುಂಬ ನಾಜೂಕಾಗಿ, ಎಳೆ ಹರಿಯದ ಹಾಗೆ. ಬಿಡಿಸಿದ ಹತ್ತಿಯನ್ನು ಅಂಗೈಯಲ್ಲಿ ಸವರಿ ಸಮ ಮಾಡಿ, ಕುಕ್ಕರಿನ ಮುಂದೆ ಮಸಿಬಟ್ಟೆ ಕೊಡುತ್ತಿದ್ದವನ ಅದೇ ಮುಖದಲ್ಲಿ, ನನ್ನ ಕಡೆ ಚಾಚಿದ. ಅವನಿಗೆ ಕೋಪವಿರಲಿಲ್ಲ. ನನಗೆ ಸಹಾಯ ಮಾಡುತ್ತಿದ್ದ. ಕೆಲಸವೆಂದರೆ ಕೊನೆಗೆ ಇದು ಎಂದು ಅವನು ತಿಳಿದುಕೊಂಡಿದ್ದ.

ನಾನು ಕೈ ಚಾಚಿ ತೆಗೆದುಕೊಂಡೆ. ಮರುದಿನವೂ ಬಿಚ್ಚಿದ. ಈಗ ಅದೇ ಅವನ ಸಂಜೆಯ ಕೆಲಸ. ನಾನು ಅವನಿಗೋಸ್ಕರ ಮಧ್ಯಾಹ್ನವೇ ಒಂದು ತಟ್ಟೆ ಬತ್ತಿ ಹೊಸೆದು ಇಟ್ಟಿರುತ್ತೇನೆ. ದೇವರ ದೀಪವನ್ನು ಅವನು ಸ್ನಾನಕ್ಕೆ ಹೋದಾಗ ಹಚ್ಚುತ್ತೇನೆ.